ಗೋಪಿನಾಥನ ಪಾಲಿನ ಚಪಾತಿ

ಗೋಪಿನಾಥ ಚಪಾತಿ ಹರಿಯುವುದನ್ನು ನೋಡಿದರೆ ಬೇಡದ ಕಾಗದ ಹರಿಯುತ್ತಿದ್ದಾನೆ ಅನ್ನಿಸುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ. ಆಮೇಲೆ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ನಡುವೆ ಉಳಿದ ಸೋರೆಕಾಯಿ ಪಲ್ಯವನ್ನೇ ನೋಡುತ್ತ ಕೂರುತ್ತಿದ್ದ.

"ತಿನ್ನಿ. ಆರಿದ್ರೆ ಗಟ್ಟಿಯಾಗ್ತದೆ," ಅಂದಳು ಜಲಜಾಕ್ಷಿ.

"ಇಷ್ಟು ವರ್ಷ ಈ ಊರಿನವರಿಗೆ ಇಡ್ಲಿ ತಿನ್ನಿಸಿದೆ ಮಾರಾಯ್ತಿ. ಈಗ ಅವರು ನನಗೆ ರೊಟ್ಟಿ ತಿನ್ನಿಸಿ ಸೇಡು ತೀರಿಸಿಕೊಳ್ತಿದ್ದಾರೆ."

ಯಾರೂ ನಗಲಿಲ್ಲ. ಹೋದ ವಾರವೂ ಅವನು ಇದೇ ಮಾತು ಹೇಳಿದ್ದ, ಆಗ ಮಗಳು ಸಿಂಚನಾ ಸ್ವಲ್ಪ ನಕ್ಕಿದ್ದಳು. ಈಗ ಅವಳು ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಚಮಚ ಹಿಡಿದು ನಿಂತೇ ತಿನ್ನುತ್ತಿದ್ದಳು. ಗುರುಗ್ರಾಮದ ಆಫೀಸಿಗೆ ಹೊರಟರೆ ಹೌಜ್ ಖಾಸ್‌ನಲ್ಲಿ ಮೆಟ್ರೋ ಬದಲಾಯಿಸಬೇಕು, ಆ ನೂಕುನುಗ್ಗಲಿನ ಯೋಚನೆಯಲ್ಲೇ ಅವಳ ಬೆಳಗಿನ ತಿಂಡಿ ಮುಗಿಯುತ್ತಿತ್ತು.

ಗೋಪಿನಾಥನದು ದೆಹಲಿಯ ಆರ್.ಕೆ.ಪುರಂನ ಸೆಕ್ಟರ್ ಮಾರ್ಕೆಟ್ಟಿನಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲ್. ಮನೆ ಮುನಿರ್ಕಾದ ಗಲ್ಲಿಯೊಂದರಲ್ಲಿ, ಮೊದಲನೇ ಮಹಡಿ, ಬಾಡಿಗೆಯದು. ಶುಗರ್ ಅವನಿಗೆ ಹಳೆಯ ನೆಂಟ. ಈ ಚಳಿಗಾಲದಲ್ಲಿ ಕಾಲು ಊದಿಕೊಂಡಾಗ ಕಿಡ್ನಿಯೂ ಕೈಕೊಡುತ್ತಿದೆ ಎಂದು ಗೊತ್ತಾಯಿತು. ಡಾಕ್ಟರು ಹೆಚ್ಚು ಮಾತಾಡುವವರಲ್ಲ. "ರಕ್ತದಲ್ಲಿ ಪೊಟ್ಯಾಸಿಯಂ ಏರ್ತಾ ಇದೆ. ಊಟದಿಂದ ಅದು ಇಳಿಯದಿದ್ದರೆ ಡಯಾಲಿಸಿಸ್‌ಗೆ ತೋಳು ತಯಾರು ಮಾಡಬೇಕಾಗ್ತದೆ, ರಕ್ತನಾಳದ ಸಣ್ಣ ಆಪರೇಶನ್," ಎಂದು ಹಿಂದಿಯಲ್ಲಿ ಹೇಳಿ, ಪಕ್ಕದ ಕೋಣೆಯ ಡಯಟೀಷಿಯನ್ ಹುಡುಗಿಯ ಹತ್ತಿರ ಕಳಿಸಿದ್ದರು.

ಆ ಹುಡುಗಿಯೂ ಹಿಂದಿಯಲ್ಲೇ ಹೇಳಿದಳು. ಶುಗರ್ ಇರುವುದರಿಂದ ಅನ್ನ ಕಡಿಮೆ. ಸಾದಾ ಗೋಧಿ ಹಿಟ್ಟಿನ ಚಪಾತಿ, ಊಟಕ್ಕೆ ಎರಡೇ, ಹಿಟ್ಟಿಗೆ ಉಪ್ಪಿಲ್ಲ. ತರಕಾರಿ ಸಣ್ಣಗೆ ಹೆಚ್ಚಿ, ನೀರು ಹೆಚ್ಚಿಟ್ಟು ಬೇಯಿಸಿ, ನೀರನ್ನು ಬಸಿದು ಚೆಲ್ಲಬೇಕು. ಎಳನೀರು, ತೆಂಗಿನಕಾಯಿ, ಬಾಳೆಹಣ್ಣು ಮುಟ್ಟಬಾರದು.

"ಅಂದ್ರೆ ನಾವು ಹುಟ್ಟಿದ ಊರನ್ನೇ ಮುಟ್ಟಬಾರದು," ಎಂದು ಗೋಪಿನಾಥ ಹೆಂಡತಿಗೆ ಕನ್ನಡದಲ್ಲಿ ಹೇಳಿದ್ದ. ಸಿಂಚನಾ ಎಲ್ಲವನ್ನೂ ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು.

ಆಸ್ಪತ್ರೆಗೆ ಹೋಗದೆ ಮನೆಯಲ್ಲಿದ್ದವರು ಗೋಪಿನಾಥನ ತಾಯಿ ರತ್ನಮ್ಮ. ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದವರು. ಹಿಂದಿಯಲ್ಲಿ ಅವರಿಗೆ ಬರುವುದು 'ಭಯ್ಯಾ', 'ನಹೀಂ', 'ಬಸ್' ಇಷ್ಟೇ. ತರಕಾರಿಯವನ ಜೊತೆ ಅದರಲ್ಲೇ ಚೌಕಾಸಿ ಮಾಡಿ ಗೆಲ್ಲುತ್ತಿದ್ದರು. ಆಸ್ಪತ್ರೆಯಿಂದ ಮೂವರೂ ಮುಖ ಇಳಿಬಿಟ್ಟು ಬಂದಾಗ "ಡಾಕ್ಟ್ರು ಎಂತ ಹೇಳಿದ್ರು?" ಎಂದು ಕೇಳಿದ್ದರು.

"ಪಥ್ಯ ಅತ್ತೆ. ಇನ್ನು ಚಪಾತಿಯೇ," ಎಂದಿದ್ದಳು ಜಲಜಾಕ್ಷಿ, ಬ್ಯಾಗು ಕೆಳಗಿಡುತ್ತ.

"ಹಾಗಾದ್ರೆ ಅವನ ಹಿಟ್ಟು ನಾನು ನಾದ್ತೇನೆ. ನಿನ್ನ ಚಪಾತಿ ಹಪ್ಪಳದ ಹಾಗೆ ಆಗ್ತದೆ."

ಹಾಗೆ ಮನೆಯ ಕೆಲಸ ಎರಡಾಯಿತು. ಬೆಳಿಗ್ಗೆ ಎದ್ದು ಗೋಪಿನಾಥನ ತರಕಾರಿ ಬೇಯಿಸುವುದು, ಉಳಿದವರಿಗೆ ಬೇರೆ ಅಡಿಗೆ ಮಾಡುವುದು, ಮಗಳ ಡಬ್ಬಿ, ಗಂಡನ ಡಬ್ಬಿ ತುಂಬುವುದು ಜಲಜಾಕ್ಷಿಗೆ. ಮಗನ ಹಿಟ್ಟು ರತ್ನಮ್ಮನಿಗೆ. ತರಕಾರಿ ಬಸಿದ ನೀರನ್ನು ಮಾತ್ರ ಬಿಸಿಬಿಸಿಯಾಗಿ ಸಿಂಕಿಗೆ ಸುರಿಯುವ ಹಾಗಿರಲಿಲ್ಲ. ಒಮ್ಮೆ ಹಾಗೆ ಸುರಿದು ಪ್ಲಾಸ್ಟಿಕ್ ಪೈಪಿನ ಜಾಯಿಂಟು ಬಿಟ್ಟು, ಕೆಳಗಿನ ಮನೆಯ ಮಾಲೀಕ ಚೌಧರಿಯ ಗೋಡೆಯೆಲ್ಲ ಒದ್ದೆಯಾಗಿ, ಅವನು ಮೆಟ್ಟಿಲಲ್ಲಿ ನಿಂತು ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಾಡಿದ್ದ. ಅಂದಿನಿಂದ ಅವಳು ಆ ನೀರನ್ನು ಪಾತ್ರೆಯಲ್ಲಿ ಆರಲು ಬಿಟ್ಟು ಸ್ನಾನಕ್ಕೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ಪಾತ್ರೆ ತೊಳೆದು ಕವುಚಿಟ್ಟಿರುತ್ತಿತ್ತು. ಅತ್ತೆ ಚೆಲ್ಲಿ ತೊಳೆದಿಟ್ಟಿದ್ದಾರೆ, ಅಷ್ಟರಮಟ್ಟಿಗೆ ಒಂದು ಕೆಲಸ ಕಡಿಮೆ ಎಂದುಕೊಂಡು ಅವಳು ಕಾವಲಿ ಬಿಸಿಗಿಡುತ್ತಿದ್ದಳು.

ಹೋಳಿ ಕಳೆದ ಮೇಲೆ ಒಂದು ಸಂಜೆ ಸಿಂಚನಾ ದೊಡ್ಡ ಪ್ಯಾಕೆಟ್ ಹೊತ್ತು ತಂದಳು.

"ಅಮ್ಮಾ, ಪಪ್ಪಂಗೆ ಇನ್ಮೇಲೆ ಇದು. ಮಲ್ಟಿಗ್ರೇನ್. ಸೋಯಾ, ಕಡ್ಲೆ, ಓಟ್ಸ್, ಸಬ್ ಕುಛ್ ಇದೆ. ಆಫೀಸಲ್ಲಿ ಎಲ್ರೂ ಇದೇ ತಿಂತಾರೆ."

"ಆ ಹುಡುಗಿ ಸಾದಾ ಹಿಟ್ಟು ಅಂದಿದ್ಲಲ್ಲೇ?"

"ಸಾದಾದಕ್ಕಿಂತ ಇದು ಹೆಲ್ದಿ ಅಮ್ಮಾ, ಪ್ಯಾಕೆಟ್ ಮೇಲೇ ಬರೆದಿದೆ!"

ಫೋನು ಮಾಡಿ ಕೇಳಿದರೆ ಡಯಟೀಷಿಯನ್ ಬೇಡವೇ ಬೇಡ ಅಂದಳು. ಬೇರೆಯವರಿಗೆ ಒಳ್ಳೆಯದಾದದ್ದೆಲ್ಲ ಈ ಕಿಡ್ನಿಗೆ ಭಾರ. ಕಾಳು ಬೆರೆತ ಹಿಟ್ಟು ಬೇಡ, ಮೇಲಿಂದ ತೌಡು ಸೇರಿಸುವುದೂ ಬೇಡ, ಬರೀ ಗೋಧಿ, ಅದೂ ಎರಡೇ ಚಪಾತಿ. ಸಿಂಚನಾ ಪ್ಯಾಕೆಟ್ಟನ್ನು ಫ್ರಿಜ್ಜಿನ ಮೇಲೆ ದಡಾರನೆ ಇಟ್ಟಳು.

"ಫೈನ್. ನಾನು ಏನು ತಂದ್ರೂ ತಪ್ಪು."

"ತಪ್ಪು ಅಂತ ಯಾರು ಹೇಳಿದ್ರು? ನಾವು ತಿನ್ನೋಣ," ಅಂದಳು ಜಲಜಾಕ್ಷಿ. ಮುಂದಿನ ವಾರವಿಡೀ ಮನೆಯ ಮೂವರು ಹೆಂಗಸರು ಆ ಒರಟು ಚಪಾತಿ ತಿಂದರು. ಗೋಪಿನಾಥನಿಗೆ ಮಾತ್ರ ಅಮ್ಮ ನಾದಿದ ಮೆತ್ತನೆಯ ಹಿಟ್ಟು.

ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆಯಾಯಿತು. ಪೊಟ್ಯಾಸಿಯಂ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಹೊಸ ಔಷಧಿ ಬರೆದುಕೊಟ್ಟು, ಇನ್ನೊಂದು ಪರೀಕ್ಷೆ ನೋಡಿ ತೋಳಿನ ವಿಷಯ ತೀರ್ಮಾನಿಸೋಣ ಅಂದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಿಂಚನಾ ಶುರು ಮಾಡಿದಳು.

"ಮನೆಯಲ್ಲಿ ಎಲ್ಲಾ ರೂಲ್ ಪ್ರಕಾರ ನಡೀತಿದೆ. ಮತ್‌ಲಬ್, ಅಂದ್ರೆ ಹೋಟೆಲಲ್ಲಿ ಏನೋ ತಿಂತಿದ್ದೀರಿ ಪಪ್ಪಾ."

"ಇಲ್ಲ."

"ಚಟ್ನಿ? ಸಾಂಬಾರ್? ಕುಛ್ ನ ಕುಛ್ ತೋ ಹೈ, ಏನೋ ಒಂದು ಇದ್ದೇ ಇದೆ."

"ಇಲ್ಲ ಅಂದೆನಲ್ಲ ಮಗಾ."

"ಇಡೀ ದಿನ ಕಾಯಿ ತುರೀತಾರೆ ನಿಮ್ಮ ಕಣ್ಣೆದುರು. ಒಂದು ಚಮಚನೂ ಬಾಯಿಗೆ ಹಾಕಲ್ಲ ಅಂದ್ರೆ ನಾನು ನಂಬಬೇಕಾ?"

ಗೋಪಿನಾಥ ಹೆಂಡತಿಯ ಮುಖ ನೋಡಿದ. ಜಲಜಾಕ್ಷಿ ನೀರಿನ ಲೋಟ ತುಂಬಿಸುತ್ತಿದ್ದಳು, ಅವನಿಗೆ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳೆದುಕೊಟ್ಟ ನೀರು. ನಂಬಬೇಕೋ ಬೇಡವೋ ಅವಳಿಗೂ ತಿಳಿಯಲಿಲ್ಲ. ಸಿಹಿ ಬೇಡ ಅಂದಿದ್ದ ಕಾಲದಲ್ಲಿ ಅವನ ಜೇಬಿನಲ್ಲಿ ಪೇಡಾದ ಕಾಗದ ಸಿಕ್ಕಿತ್ತು.

"ಸ್ವಲ್ಪ ದಿವಸ ಮನೆಯಲ್ಲೇ ಇರಿ," ಅಂದಳು. "ಗಲ್ಲಾದಲ್ಲಿ ನಾನು ಕೂತ್ಕೊಳ್ತೇನೆ."

"ನೀನೂ ಹಾಗೇ ಹೇಳ್ತೀಯಾ?"

"ಪರೀಕ್ಷೆ ಆಗುವವರೆಗೆ ಅಷ್ಟೆ."

ಅವನು ಹೋಟೆಲಿನ ಕೀಲಿಗೊಂಚಲನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋಗಿ ಮಲಗಿದ. ರತ್ನಮ್ಮ ಬಾಗಿಲಲ್ಲಿ ನಿಂತು, "ಮಗುವಿಗೆ ಬೈದ ಹಾಗೆ ಬೈತೀರಲ್ಲ ಅವನಿಗೆ," ಅಂದರು.

ಅಲ್ಲಿಂದ ಜಲಜಾಕ್ಷಿಯ ದಿನಕ್ಕೆ ತುದಿಮೊದಲು ಇಲ್ಲದಾಯಿತು. ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸಿ, ಅಡಿಗೆ ಮುಗಿಸಿ, ಆಟೋ ಹಿಡಿದು ಮಾರ್ಕೆಟ್ಟಿಗೆ. ಗಿರಾಕಿಗಳೆಲ್ಲ ಸೆಕ್ಟರಿನ ಸರಕಾರಿ ಕ್ವಾರ್ಟರ್ಸಿನವರು. "ಭಾಭಿಜಿ, ಭಾಯಿಸಾಬ್ ಎಲ್ಲಿ?" ಎಂದು ದಿನವೂ ಕೇಳುವವರು. ಸಂಜೆ ಬಂದರೆ ಸಿಂಕು ತುಂಬ ಪಾತ್ರೆ. ಕಾಲು ನೀಡಿ ಕೂತರೆ ಏಳಲಾಗದೆಂದು ನಿಂತೇ ಚಹಾ ಕುಡಿಯುತ್ತಿದ್ದಳು.

ದೋಸೆಕಲ್ಲಿನ ಮುಂದೆ ನಿಲ್ಲುವ ಚನಿಯ ಹಳೆಯ ಆಳು. ಅವನು ಒಂದು ಮಧ್ಯಾಹ್ನ ಕಾಫಿ ತಂದಿಟ್ಟು, "ಧಣಿಗಳು ಯಾವಾಗ ಬರ್ತಾರೆ ಅಕ್ಕ?" ಅಂದ.

"ಗುಣ ಆಗ್ಲಿ ಚನಿಯಣ್ಣ. ಇಲ್ಲಿ ಬಂದ್ರೆ ಬಾಯಿ ಸುಮ್ಮನಿರ್ತದಾ?"

"ಬಾಯಾ? ನಾನು ಚಟ್ನಿಯ ರುಚಿ ನೋಡಿ ಅಂತ ಚಮಚ ಹಿಡಿದ್ರೆ 'ದೂರ ಇಡು ಮಾರಾಯ, ಮನೆಯಲ್ಲಿ ಕೊಂದು ಹಾಕ್ತಾರೆ' ಅಂತ ಕೈ ತಳ್ತಿದ್ರು. ಈಗ ಉಪ್ಪು ಹೆಚ್ಚಾದ್ರೂ ಹೇಳುವವರಿಲ್ಲ."

ಆ ಮಾತು ಅವಳ ಮನಸ್ಸಿನಲ್ಲಿ ಕೂತಿತು. ಆದರೆ ಆಳು ಧಣಿಯನ್ನು ಬಿಟ್ಟುಕೊಡುತ್ತಾನೆಯೇ ಎಂದು ಸುಮ್ಮನಾದಳು.

ಆ ವಾರವೇ ಗ್ಯಾಸ್ ಸಿಲಿಂಡರ್ ಬರುವ ದಿನ ಬಂತು. ಡೆಲಿವರಿಯವನಿಗೆ ಫೋನಿಗೆ ಬರುವ ನಂಬರು ಹೇಳಬೇಕು, ಅತ್ತೆಗೆ ಅದು ತಿಳಿಯದು, ಗಂಡ ಬೆಳಗಿನ ವಾಕಿಂಗಿಗೆ ಹೋದವನು ಬಿಸಿಲೇರುವವರೆಗೆ ಪಾರ್ಕಿನ ಬೆಂಚು ಬಿಡುತ್ತಿರಲಿಲ್ಲ. ಜಲಜಾಕ್ಷಿ ಚನಿಯನನ್ನು ಗಲ್ಲಾಕ್ಕೆ ಕೂರಿಸಿ ಮನೆಗೆ ಬಂದಳು.

ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಸಣ್ಣ ಪಾತ್ರೆಯಲ್ಲಿ ಹಸಿರು ಮಿಶ್ರಿತ ಹಳದಿ ನೀರು ಕುದಿಯುತ್ತಿತ್ತು. ರತ್ನಮ್ಮ ಮಣೆಯ ಮೇಲೆ ಕೂತು, ಮಧ್ಯಾಹ್ನದ ಚಪಾತಿಗೆ ಬೋಗುಣಿಯಲ್ಲಿ ಹಿಟ್ಟು ಹರಡಿಕೊಂಡಿದ್ದರು.

"ಇದೆಂತ ಅತ್ತೆ?"

"ನೀನು ಬಸಿದಿಟ್ಟದ್ದು. ಸ್ವಲ್ಪ ಬತ್ತಿಸ್ತಾ ಇದ್ದೇನೆ."

"ಯಾಕೆ?"

"ಹಿಟ್ಟಿಗೆ. ಮತ್ತೆಂತಕ್ಕೆ? ತರಕಾರಿಯ ಸತ್ವ ಎಲ್ಲ ಇದರಲ್ಲೇ ಉಂಟಲ್ಲ. ನೀವು ಅವನ ತಟ್ಟೆಗೆ ಹಾಕುವುದು ಬರೀ ಚರಟ. ಹೀಗಾದರೂ ನಾಲ್ಕು ಕಾಸಿನ ಶಕ್ತಿ ಹೋಗ್ಲಿ ಹೊಟ್ಟೆಗೆ." ಕುದಿಯುತ್ತಿದ್ದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿದರು. "ಅರ್ಧಕ್ಕೆ ಇಳಿಸಿದ್ರೆ ಒಂದು ಹನಿ ವ್ಯರ್ಥ ಆಗುವುದಿಲ್ಲ. ಚಪಾತಿ ಮೆತ್ತಗೆ ಬರ್ತದೆ ಅಂತ ಗೋಪಿಯೂ ಹೇಳಿದ."

"ಯಾವಾಗಿನಿಂದ ಹೀಗೆ ಮಾಡ್ತಿದ್ದೀರಿ?"

"ಮೊದಲ ದಿವಸದಿಂದ!" ರತ್ನಮ್ಮನ ಮುಖದಲ್ಲಿ ಹೆಮ್ಮೆಯಿತ್ತು. ಗಲ್ಲದ ಮೇಲೆ ಹಿಟ್ಟು ಅಂಟಿತ್ತು. "ನಮ್ಮ ಕಡೆ ತರಕಾರಿ ಬೆಂದ ನೀರು ಚೆಲ್ಲಿದ ಹೆಂಗಸು ಉಂಟಾ? ನೀನು ಚೆಲ್ಲದೆ ಎತ್ತಿಟ್ಟೆಯಲ್ಲ, ನೋಡಿ ಖುಷಿಯಾಯ್ತು ನನಗೆ."

ಜಲಜಾಕ್ಷಿ ಏನೋ ಹೇಳಲು ಬಾಯಿ ತೆರೆದಳು. ಕೆಳಗೆ ಸಿಲಿಂಡರಿನವನು ಕೂಗಿದ. ಅವಳು ಮೆಟ್ಟಿಲಿಳಿದು ಹೋದಳು. ಅವನನ್ನು ಕಳಿಸಿ, ಗಲ್ಲಿಯಲ್ಲಿ ನಿಂತೇ ಡಯಟೀಷಿಯನ್‌ಗೆ ಫೋನು ಮಾಡಿದಳು.

"ಆಂಟಿ, ಆ ನೀರನ್ನು ತೆಗೆಯೋಕೇ ತರಕಾರಿ ಬೇಯಿಸೋಕೆ ಹೇಳಿದ್ದು," ಎಂದಳು ಹುಡುಗಿ ಹಿಂದಿಯಲ್ಲಿ. "ಪೊಟ್ಯಾಸಿಯಂ ಅದರಲ್ಲೇ ಇಳಿದಿರ್ತದೆ. ಬತ್ತಿಸಿದ್ರೆ ಇನ್ನೂ ಗಟ್ಟಿ. ಅದೊಂದೇ ಕಾರಣ ಅಂತ ನಾನು ಹೇಳಲಾರೆ, ಆದ್ರೆ ಇವತ್ತೇ ನಿಲ್ಲಿಸಿ."

ಮೇಲೆ ಬಂದು ಅವಳು ಬೋಗುಣಿಯನ್ನು ಅತ್ತೆಯ ಮುಂದಿನಿಂದ ಎಳೆದುಕೊಂಡಳು.

"ಇನ್ನು ಹಿಟ್ಟು ನಾನೇ ಕಲಸ್ತೇನೆ ಅತ್ತೆ."

"ಯಾಕೆ? ನನ್ನ ಕೈಗೆ ಎಂತ ಆಗಿದೆ?"

"ನಿಮಗೆ ನೋವಾಗ್ತದಲ್ಲ."

"ನೋವು ಅಂತ ನಾನು ಹೇಳಿದ್ನಾ?"

ಜಲಜಾಕ್ಷಿ ಹಿಟ್ಟಿಗೆ ನಲ್ಲಿಯ ನೀರು ಹಾಕಿದಳು. ಹೇಳಿದರೆ ಈ ಮುದುಕಿ ತಾನು ಮಗನಿಗೆ ಏನು ತಿನ್ನಿಸಿದೆ ಎಂದು ತಿಳಿದುಕೊಂಡು ಬದುಕಬೇಕು. ಇವತ್ತು ಬೇಡ, ನಾಳೆ ಸಮಾಧಾನದಲ್ಲಿ ಹೇಳಿದರಾಯಿತು ಅಂದುಕೊಂಡಳು. ಮರುದಿನ ಹಾಲಿನವನ ಜಗಳ ಬಂತು, ಅದರ ಮರುದಿನ ನೀರಿನ ಟ್ಯಾಂಕರ್ ಬರಲಿಲ್ಲ. ತರಕಾರಿ ನೀರನ್ನು ಅವಳೇ ಆರಿಸಿ ಚೆಲ್ಲತೊಡಗಿದಳು, ಸ್ನಾನ ಆಮೇಲೆ ಮಾಡುತ್ತಿದ್ದಳು. ರತ್ನಮ್ಮ ಅಡಿಗೆಮನೆಗೆ ಬರುವುದನ್ನು ಬಿಟ್ಟರು. ಬಾಲ್ಕನಿಯಲ್ಲಿ ಕೂತು ಎದುರು ಮನೆಯ ಕೂಲರಿನಿಂದ ಹನಿ ಬೀಳುವುದನ್ನು ನೋಡುತ್ತಿದ್ದರು. ಊಟಕ್ಕೆ ಕರೆದರೆ "ನನಗೆಂಥ ಹಸಿವು, ಕೆಲಸ ಮಾಡಿದವರು ಉಣ್ಣಿ," ಅನ್ನುತ್ತಿದ್ದರು. ಗೋಪಿನಾಥ ಟಿವಿಯ ದನಿ ತೆಗೆದು ಚಿತ್ರ ಮಾತ್ರ ನೋಡುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿ ಸಜೆಗೆ ಬಿದ್ದವರ ಹಾಗೆ ಕಾಣುತ್ತಿದ್ದರು.

ಮೇ ತಿಂಗಳಲ್ಲಿ ಪೊಟ್ಯಾಸಿಯಂ ಇಳಿಯಿತು. ತೋಳಿನ ಮಾತು ಸದ್ಯಕ್ಕೆ ಬೇಡ ಅಂದರು ಡಾಕ್ಟರು. ಆ ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಸಿಂಚನಾಳ ದನಿಯಲ್ಲಿ ಬಹಳ ದಿನಗಳ ಮೇಲೆ ಉತ್ಸಾಹವಿತ್ತು.

"ದೇಖಾ? ಹೋಟೆಲ್ ಬಿಟ್ರಿ, ಕಡಿಮೆಯಾಯ್ತು. ನಾನು ಪಕ್ಕದ ಬೇಕರಿಯ ಸೇಠಿ ಅಂಕಲ್ ಹತ್ರ ಮಾತಾಡಿದ್ದೀನಿ. ಅವರು ತಗೊಳ್ಳೋಕೆ ರೆಡಿ. ಚನಿಯಣ್ಣನ್ನೂ ಇಟ್ಕೊಳ್ತಾರೆ."

"ಯಾರನ್ನ ಕೇಳಿ ಮಾತಾಡಿದೆ?" ಎಂದಳು ಜಲಜಾಕ್ಷಿ.

"ಅಮ್ಮಾ, ನಿಮ್ಮ ಮುಖ ನೋಡಿದ್ದೀರಾ ಕನ್ನಡಿಯಲ್ಲಿ? ಎಷ್ಟು ದಿನ ಗಲ್ಲಾ, ಮನೆ, ಗಲ್ಲಾ, ಮನೆ? ನನ್ನ ಸಂಬಳ ಇದೆಯಲ್ಲ."

ಜಲಜಾಕ್ಷಿ ಅನ್ನ ಕಲಸಿದಳು. ಹೋಟೆಲ್ ಹೋದರೆ ನಾಳೆ ಬೆಳಿಗ್ಗೆ ಆಟೋ ಹಿಡಿಯಬೇಕಾಗಿಲ್ಲ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಬಹುದು. ಆ ಆಸೆ ಅವಳ ಮೈಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಬಾಯಿಗೆ ಬಂದ ಮಾತನ್ನು ಅನ್ನದ ಜೊತೆ ನುಂಗಿದಳು.

"ಪಪ್ಪಾ, ಈಗಲಾದ್ರೂ ಒಪ್ಕೊಳ್ಳಿ. ನಾನು ಬೈಯಲ್ಲ. ತಿಂತಿದ್ರಿ ತಾನೇ?"

ಗೋಪಿನಾಥ ಚಪಾತಿಯ ತುಂಡನ್ನು ಪಲ್ಯಕ್ಕೆ ಒತ್ತಿದ.

"ಹೌದು. ತಿಂತಿದ್ದೆ."

"ಏನು?"

"ಚಟ್ನಿ. ಸಾಂಬಾರು. ನಿನಗೆ ಯಾವುದು ಬೇಕೋ ಅದು. ಸೇಠಿಗೆ ಕೊಟ್ಟುಬಿಡು, ಮಾತು ಮುಗೀಲಿ."

"ಇಲ್ಲ, ಅವರು ತಿಂದಿಲ್ಲ," ಅಂದಳು ಜಲಜಾಕ್ಷಿ.

ಎಲ್ಲರೂ ಅವಳತ್ತ ನೋಡಿದರು. ತಟ್ಟೆಯನ್ನು ನೋಡುತ್ತಲೇ ಅವಳು ಹೇಳಿದಳು. ತರಕಾರಿ ಬಸಿದ ನೀರು, ಹಿಟ್ಟು, ಮೊದಲ ದಿನದಿಂದ. ನಾಲ್ಕು ಮಾತಿನಲ್ಲಿ ಮುಗಿಯಿತು. ಸಿಂಚನಾ ಎದ್ದು ನಿಂತಳು.

"ಅಜ್ಜೀ! ವೋ ಪಾನೀ ತೋ ಫೇಂಕ್‌ನಾ ಥಾ!"

"ಎಂತ ಹೇಳ್ತಾಳೆ ಇವಳು?" ರತ್ನಮ್ಮ ಸೊಸೆಯನ್ನು ಕೇಳಿದರು.

ಈಗ ಅದನ್ನು ಕನ್ನಡದಲ್ಲಿ ಹೇಳುವ ಕೆಲಸವೂ ಜಲಜಾಕ್ಷಿಯ ಪಾಲಿಗೇ ಬಂತು. "ಆ ನೀರು ಚೆಲ್ಲಬೇಕಿತ್ತು ಅತ್ತೆ. ಅವರಿಗೆ ಆಗದ್ದು ಅದರಲ್ಲೇ ಇರ್ತದಂತೆ."

ರತ್ನಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದನಿ ಏರಿಸದೆ ಕೇಳಿದರು.

"ನನಗೆ ಯಾರು ಹೇಳಿದ್ರಿ?"

ಸಿಂಚನಾ ಕೂತಳು.

"ಡಾಕ್ಟ್ರ ಹತ್ರ ಮೂವರೂ ಹೋದ್ರಿ. ಬಂದು ಮೂವರೂ ಹಿಂದಿ ಇಂಗ್ಲಿಷಲ್ಲಿ ಮಾತಾಡಿಕೊಂಡ್ರಿ. ನನಗೆ ಹೇಳಿದ್ದು ಪಥ್ಯ ಅಂತ. ಪಥ್ಯ ಅಂದ್ರೆ ನನಗೆ ಗೊತ್ತಿಲ್ವಾ? ಬಾಣಂತಿಗೆ ಮಾಡಿದ್ದೇನೆ, ಜ್ವರದವರಿಗೆ ಮಾಡಿದ್ದೇನೆ. ಮೈಗೆ ಬಲ ಬರ್ಲಿ ಅಂತ ಮಾಡಿದೆ. ಚೆಲ್ಲು ಅಂತ ಒಬ್ಬರು ಹೇಳಿದ್ರೆ ನಾನು ಚೆಲ್ತಿರಲಿಲ್ವಾ?"

"ಸಾರಿ ಅಜ್ಜಿ," ಅಂದಳು ಸಿಂಚನಾ. ಅಜ್ಜಿಗೆ ಆ ಶಬ್ದ ಗೊತ್ತಿತ್ತು. ಅವರು ಕೈಯಾಡಿಸಿ ಬೇಡವೆಂದರು.

ಗೋಪಿನಾಥ ಹೆಂಡತಿಯ ಕಡೆ ತಿರುಗಿದ. "ನಿನಗೆ ಯಾವಾಗ ಗೊತ್ತಾಯ್ತು?"

"ಸಿಲಿಂಡರ್ ಬಂದ ದಿವಸ."

ಅವನು ಯೋಚಿಸಿದ. "ಹಾಗಾದ್ರೆ ಇಷ್ಟು ದಿವಸ ನಾನು ಇಲ್ಲಿ ಸುಮ್ಮನೆ ಕೂತದ್ದಾ?"

"ಹೇಳಬೇಕು ಅಂತಲೇ ಇತ್ತು..."

"ನನ್ನ ಹತ್ರವೂ ಹೇಳಬಾರದಿತ್ತಾ ಜಲಜಾ? ಕಳ್ಳ ಅಂತ ಅನ್ನಿಸಿಕೊಂಡು ಕೂತಿದ್ದೆ ಮಗಳ ಎದುರು."

ಅತ್ತೆಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ಅವಳು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಇನ್ನೊಂದು ಮಾತು ಬೆಳೆಸಲು ಮೈಯಲ್ಲಿ ತ್ರಾಣವಿರಲಿಲ್ಲ ಎನ್ನುವುದು ಅದಕ್ಕಿಂತ ಹೆಚ್ಚು ನಿಜ. ಎದ್ದು ಎಲ್ಲರ ತಟ್ಟೆ ಒಂದರ ಮೇಲೊಂದು ಪೇರಿಸಿದಳು. ಸಿಂಚನಾ ಅವಳ ಕೈಯಿಂದ ಅವನ್ನು ತೆಗೆದುಕೊಂಡು ಸಿಂಕಿಗೆ ಹೋದಳು. ನಲ್ಲಿಯ ಸದ್ದಿನಲ್ಲಿ ಉಳಿದ ಮಾತು ಮುಳುಗಿತು.

ಸಂಜೆ ಗೋಪಿನಾಥ ತಾಯಿಯ ಮಂಚದ ಅಂಚಿನಲ್ಲಿ ಕೂತ.

"ಅಮ್ಮ, ರಾತ್ರಿಗೆ ಚಪಾತಿ ನೀನೇ ಕಲಸು. ಇವಳದ್ದು ಹಪ್ಪಳ."

"ಬೇಡ ಮಗಾ. ನನ್ನ ಕೈಯ ಹೆದರಿಕೆ ನನಗೇ ಆಗಿದೆ."

"ಹಾಗಾದ್ರೆ ನನಗೆ ಚಪಾತಿಯೇ ಬೇಡ."

ರತ್ನಮ್ಮ ಗೋಡೆ ಹಿಡಿದು ಎದ್ದರು.

ಸೋಮವಾರ ಗೋಪಿನಾಥ ಹೋಟೆಲಿಗೆ ಹೋದ. ಡಬ್ಬಿಯಲ್ಲಿ ಎರಡು ಚಪಾತಿ, ಸೋರೆಕಾಯಿ. ಸೇಠಿಗೆ ಸಿಂಚನಾಳೇ ಫೋನು ಮಾಡಿ ಬೇಡ ಅಂದಳು, ಯಾಕೆಂದು ವಿವರಿಸಲಿಲ್ಲ. ಕಿಡ್ನಿಯೇನೂ ಹೊಸದಾಗಲಿಲ್ಲ. ಔಷಧಿ ಹಾಗೇ ಇತ್ತು, ಅಳೆದ ನೀರು ಹಾಗೇ ಇತ್ತು, ಮುಂದಿನ ಪರೀಕ್ಷೆಯಲ್ಲಿ ಡಾಕ್ಟರು ಮತ್ತೆ ತೋಳಿನ ಮಾತೆತ್ತಬಹುದು. ಮಳೆ ಬರುವ ಮೊದಲಿನ ಧೂಳು ಗಾಳಿಗೆ ದಿನಕ್ಕೆರಡು ಸಲ ಮನೆ ಒರೆಸಬೇಕಾಗುತ್ತಿತ್ತು. ಗಂಡ ಅವಳೊಂದಿಗೆ ಮಾತಾಡುತ್ತಿದ್ದ, ಬೇಕಾದಷ್ಟು ಮಾತ್ರ.

ರತ್ನಮ್ಮ ಮತ್ತೆ ಮಣೆಯ ಮೇಲೆ ಕೂರತೊಡಗಿದ್ದರು. ಹಿಟ್ಟಿಗೆ ನೀರು ಹಾಕುವ ಮೊದಲು ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಸೊಸೆಯನ್ನು ಕರೆಯುತ್ತಿದ್ದರು.

"ಜಲಜಾ, ನೋಡು. ನಲ್ಲಿಯದ್ದು."

"ಹ್ಞೂಂ ಅತ್ತೆ."

ಪ್ರತಿದಿನ ಬೆಳಿಗ್ಗೆ, ಪ್ರತಿದಿನ ಸಂಜೆ. ಒಲೆಯ ಮೇಲೆ ತರಕಾರಿ ಉಕ್ಕುತ್ತಿರಲಿ, ಬಾಗಿಲಲ್ಲಿ ಹಾಲಿನವನು ಕೂಗುತ್ತಿರಲಿ.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. "ನೀವು ನೋಡಿದ್ರೆ ಸಾಕು ಅತ್ತೆ, ನನ್ನನ್ನು ಯಾಕೆ ಕರೀತೀರಿ ಪ್ರತಿ ಸಲ?"

"ಬೇಡ," ಅಂದರು ರತ್ನಮ್ಮ. ಲೋಟವನ್ನು ಅವಳತ್ತ ಚಾಚಿದರು. "ನೀನೇ ನೋಡಿ ಹೇಳು. ಹೇಳದೆ ಇರುವುದು ಈ ಮನೆಯಲ್ಲಿ ಸಾಕಾಗಿದೆ."

ಜಲಜಾಕ್ಷಿ ಒಲೆ ಸಣ್ಣ ಮಾಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಲೋಟದೊಳಗೆ ಇಣುಕಿದಳು.

"ನಲ್ಲಿಯದ್ದೇ ಅತ್ತೆ," ಅಂದಳು. "ಹಾಕಿ."